ಐಸಿನಲ್ಲಿಡದ ಐವತ್ತು ತೋಟೆಗಳು

ಲ್ಯಾನ್ಸ್‌ಲಾಟ್ ಕ್ವಾಡ್ರಸ್ ತಮ್ಮ ಐವತ್ತೊಂಬತ್ತು ವರ್ಷಗಳಲ್ಲಿ ಒಂದು ಮೊಲವನ್ನೂ ಹೊಡೆದವರಲ್ಲ. ಅವರು ಕೈಯಾರೆ ತುಂಬಿಸಿದ ತೋಟೆಗಳು ಮಾತ್ರ ಮೂರು ಖಂಡಗಳಲ್ಲಿ ಬೇಟೆಯಾಡಿವೆ. ಕತಾರಿನ ದೋಹಾ ಪೇಟೆಯಿಂದ ಕಾರಿನಲ್ಲಿ ನಲವತ್ತು ನಿಮಿಷ ಹೋದರೆ ಸಿಗುವ ಒಂದು ಖಾಸಗಿ ಗುರಿ ಮೈದಾನದ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಇದೆ. ಹತ್ತೊಂಬತ್ತು ವರ್ಷಗಳಿಂದ ಅವರು ಅಲ್ಲಿ ಕೂತು ಹಿತ್ತಾಳೆಯ ಖಾಲಿ ಕವಚಗಳನ್ನು ಅಳೆದು ಸರಿಮಾಡುತ್ತಾರೆ, ಮದ್ದು ತೂಗಿ ಹಾಕುತ್ತಾರೆ, ಗುಂಡು ಕೂರಿಸುತ್ತಾರೆ. ಆಮೇಲೆ ಹೊರಗೆ ಹೋಗಿ ಹೊಡೆದು ನೋಡಿ, ಕಂಡದ್ದನ್ನು ಬರೆದಿಡುತ್ತಾರೆ.

ಊರು ಶಿರ್ವ. ದೋಹಾಕ್ಕೆ ಬಂದದ್ದು ಒಂದು ಚಿನ್ನದಂಗಡಿಯ ತೂಕದ ಗುಮಾಸ್ತನಾಗಿ. ಎ.ಸಿ.ಯ ಗಾಳಿಗೆ ತಕ್ಕಡಿ ಅಲುಗುತ್ತದೆಂದು ಎ.ಸಿ. ಆರಿಸಿ, ಬೆವರು ಒರೆಸಿಕೊಳ್ಳುತ್ತ ತೂಗುವ ಈ ಗುಮಾಸ್ತನನ್ನು ಮಗಳ ಮದುವೆಗೆ ಬಳೆ ಕೊಳ್ಳಲು ಬಂದ ಒಬ್ಬ ಕತಾರಿ ಗಮನಿಸಿದರು. ಅವರೇ ಗುರಿ ಮೈದಾನದ ಮಾಲೀಕರು. ಎಲ್ಲರೂ ಅವರನ್ನು ಹಿರಿಮಗನ ಹೆಸರು ಸೇರಿಸಿ ಬೂ ಗಾನಿಮ್, ಅಂದರೆ ಗಾನಿಮನ ಅಪ್ಪ, ಎಂದೇ ಕರೆಯುತ್ತಾರೆ. ಮರುವಾರವೇ ಲ್ಯಾನ್ಸ್‌ಲಾಟರ ಕೆಲಸ ಬದಲಾಯಿತು.

ಬೂ ಗಾನಿಮ್ ಅವರಿಗೆ ಪ್ರಿಯವಾದದ್ದು ಒಂದು ಸಣ್ಣ ಬೋರಿನ ರೈಫಲ್. ಅದರ ಗುಂಡು ಪೆನ್ಸಿಲ್ಲಿಗಿಂತ ಸಪೂರ. ದೊಡ್ಡ ಬೋರಿನಲ್ಲಿ ಗುರಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಪ್ರಾಣಿ ಬೀಳುತ್ತದೆ. ಈ ಸಣ್ಣದರಲ್ಲಿ ಎರಡು ಬೆರಳು ತಪ್ಪಿದರೆ ಅದು ಗಾಯ ಹೊತ್ತು ಓಡಿಹೋಗುತ್ತದೆ. ಕಾರ್ಖಾನೆಯ ತೋಟೆಗಳು ಎಲ್ಲ ರೈಫಲ್ಲಿಗೂ ಹೊಂದುವಂತೆ ಮಾಡಿದವು. ಒಂದೇ ರೈಫಲ್ಲಿಗೆ ಹೇಳಿ ಮಾಡಿಸಿದಂಥ ತೋಟೆ ಬೇಕಾದರೆ ಯಾರಾದರೂ ಕೂತು, ಮದ್ದನ್ನು ಕೂದಲೆಳೆಯಷ್ಟು ಹೆಚ್ಚಿಸಿ ಇಳಿಸಿ, ಆ ನಳಿಗೆಗೆ ಯಾವುದು ಒಗ್ಗುತ್ತದೆಂದು ಹುಡುಕಬೇಕು. ಲ್ಯಾನ್ಸ್‌ಲಾಟರಿಗೆ ಮೊದಲ ಸಲ ಅದನ್ನು ಹುಡುಕಲು ಹದಿನಾಲ್ಕು ತಿಂಗಳು ಹಿಡಿದಿತ್ತು.

ಅವರಿಗೆ ಅಲ್ಲಿ ಹೆಸರು ತಂದುಕೊಟ್ಟದ್ದು ಐಸಿನ ಪರೀಕ್ಷೆ. ಬೂ ಗಾನಿಮ್ ಪ್ರತಿ ಜುಲೈಯಲ್ಲಿ ದಕ್ಷಿಣ ಆಫ್ರಿಕಾದ ಎತ್ತರದ ಒಣ ಬಯಲಿಗೆ ಜಿಂಕೆ ಜಾತಿಯ ಒಂದು ಪ್ರಾಣಿಯ ಬೇಟೆಗೆ ಹೋಗುತ್ತಾರೆ. ಆಗ ಅಲ್ಲಿ ಚಳಿಗಾಲ, ಮುಂಜಾನೆ ನೀರು ಹೆಪ್ಪುಗಟ್ಟುತ್ತದೆ. ತೋಟೆ ತಯಾರಾಗುವುದು ಜೂನಿನ ದೋಹಾದಲ್ಲಿ, ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ. ಮದ್ದು ತಣ್ಣಗಾದಷ್ಟೂ ಅದರ ರಭಸ ಕಡಿಮೆ, ಗುಂಡು ಅಷ್ಟು ಕೆಳಗೆ ಬೀಳುತ್ತದೆ. ಎಷ್ಟು ಕೆಳಗೆ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ಲ್ಯಾನ್ಸ್‌ಲಾಟ್ ತಮ್ಮ ಹೆಂಡತಿ ರೆಜಿನಾ ಮೀನು ತರಲು ಇಟ್ಟುಕೊಂಡಿದ್ದ ಐಸ್ ಡಬ್ಬಿಯನ್ನು ಕೆಲಸಕ್ಕೆ ಒಯ್ದರು. ಪ್ರತಿ ಹೊಸ ತಯಾರಿಯಿಂದ ಹತ್ತು ತೋಟೆಗಳನ್ನು ರಾತ್ರಿಯಿಡೀ ಅದರಲ್ಲಿಟ್ಟು, ಎರಡು ಬೆಳಿಗ್ಗೆ ಹೊಡೆದು, ಇಳಿತವನ್ನು ಅಳೆದು, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದರು. ಬಿಸಿಯಲ್ಲಿ ಇಷ್ಟು, ತಣ್ಣಗೆ ಇಷ್ಟು, ಕೆಳಗೆ ಸಹಿ. ಬೂ ಗಾನಿಮ್ ಆ ಚೀಟಿಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಅದರಂತೆ ಗುರಿ ಹಿಡಿಯುತ್ತಿದ್ದರು.

ಗುರಿ ಹಲಗೆ ನೆಡುವವನು ಯಮನಪ್ಪ, ಮುಧೋಳದ ಕಡೆಯವನು. ಡಬ್ಬಿ ಕಂಡ ಕೂಡಲೇ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ.

“ಏನ್ ಲಾನ್ಸಣ್ಣಾರ, ಇವತ್ತ ಬಂಗಡಿ ಏನ್ ಬೂತಾಯಿ?”

“ಹತ್ತಿರ ಬಂದು ಮೂಸಿ ನೋಡು ಮಾರಾಯ.”

“ಬ್ಯಾಡ್ರೀ. ನಿಮ್ಮ ಗುಂಡಿಗೆ ನೆಗಡಿ ಆಗಿದ್ರ ನನಗೂ ಹತ್ತೀತು.”

ಈ ಸೆಪ್ಟೆಂಬರಿಗೆ ಲ್ಯಾನ್ಸ್‌ಲಾಟರಿಗೆ ಅರವತ್ತು. ಅರವತ್ತಾದ ಮೇಲೂ ಮುಂದುವರಿಯಬೇಕಾದರೆ ಮಾಲೀಕರೇ ಪತ್ರ ಕೊಡಬೇಕೆಂಬುದು ಆ ಕಂಪನಿಯ ಪದ್ಧತಿ. ಫೆಬ್ರವರಿಯಲ್ಲಿ ಬೂ ಗಾನಿಮ್ ಲ್ಯಾನ್ಸ್‌ಲಾಟರ ಭುಜ ಮುಟ್ಟಿ, “ಇನ್ನೆರಡು ವರ್ಷ, ಇನ್ಶಾ ಅಲ್ಲಾ,” ಎಂದಿದ್ದರು. ಪತ್ರ ಇನ್ನೂ ಆಗಿರಲಿಲ್ಲ. ಆ ಎರಡು ವರ್ಷಗಳ ಮೇಲೆ ಮನೆಯಲ್ಲಿ ಬಹಳಷ್ಟು ನಿಂತಿತ್ತು. ಮಗಳು ಜಾನಿಸ್ ದೋಹಾದ ಹೊರಗಿನ ಅಲ್ ವುಕೈರ್‌ನಲ್ಲಿ ಸಂಸಾರ ಹೂಡಿದ್ದಾಳೆ, ಅವಳೂ ಗಂಡ ಟೋನಿಯೂ ಆಫೀಸಿಗೆ ಹೋಗುವವರು. ಅವರ ಎಂಟು ತಿಂಗಳ ಮಗುವನ್ನು ಹಗಲೆಲ್ಲ ಪೇಟೆಯ ಅಲ್ ಹಿಲಾಲ್‌ನ ತಮ್ಮ ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ನೋಡಿಕೊಳ್ಳುವುದು ರೆಜಿನಾ. ರೆಜಿನಾ ಇಲ್ಲಿರುವುದು ಗಂಡನ ವೀಸಾದ ಮೇಲೆ.

ಲ್ಯಾನ್ಸ್‌ಲಾಟರಿಗೆ ತಮ್ಮದೇ ಇನ್ನೊಂದು ಕಾರಣವಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಊರಿನಲ್ಲಿ ಈ ಕೆಲಸವೇ ಇಲ್ಲ. ಶಿರ್ವದ ಮನೆಯಲ್ಲಿ ಕೂತು ತೋಟೆ ತುಂಬಿಸಿದರೆ ಪೊಲೀಸರು ಬರುತ್ತಾರೆ. ಹತ್ತೊಂಬತ್ತು ವರ್ಷ ಕೈಗೆ ಹತ್ತಿದ ಈ ವಿದ್ಯೆ ವಿಮಾನ ಹತ್ತಿದ ಕೂಡಲೇ ಮುಗಿಯುತ್ತದೆ.

ಜೂನಿನಲ್ಲಿ ಹಳೆಯ ಮದ್ದು ಖಾಲಿಯಾಯಿತು. ಹೊಸದು ಬರುವುದು ತಡವಾಗಿ, ಕೈಗೆ ಸಿಕ್ಕಾಗ ಬೂ ಗಾನಿಮ್ ಅವರ ಪ್ರಯಾಣಕ್ಕೆ ನಾಲ್ಕೇ ದಿನ ಉಳಿದಿತ್ತು. ಹೆಸರು ಅದೇ, ಕಂಪನಿ ಅದೇ, ಆದರೆ ಬೇರೆ ಲಾಟ್, ಇನ್ನೊಂದು ಸಲ ತಯಾರಾದ ಸರಕು. ಲ್ಯಾನ್ಸ್‌ಲಾಟ್ ಮೂರು ದಿನ ಕೂತು ಹೊಸ ಅಳತೆ ಹಿಡಿದು, ಐವತ್ತು ತೋಟೆ ತಯಾರಿಸಿದರು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಗಾನಿಮ್ ಬಂದ. ತಂದೆಗೆ ಮಂಡಿಯ ಆಪರೇಷನ್ ಆದಾಗಿನಿಂದ ಮೈದಾನದ ವ್ಯವಹಾರ ಮೂವತ್ತರ ಈ ಮಗನ ಕೈಯಲ್ಲಿತ್ತು. ಪತ್ರಗಳನ್ನು ತಂದೆಯ ಸಹಿಗೆ ಒಯ್ಯುವವನೂ ಅವನೇ.

“ಲ್ಯಾನ್ಸ್, ರೆಡಿ?”

“ಬಿಸಿಯದ್ದು ಆಯ್ತು ಸರ್. ನೂರು ಮೀಟರಿಗೆ ಐದೂ ತೂತು ಐವತ್ತು ದಿರ್ಹಮ್ ನಾಣ್ಯದ ಅಡಿ ಮುಚ್ಚಿಹೋಗುತ್ತವೆ.”

“ಮಾಶಾ ಅಲ್ಲಾ. ಪ್ಯಾಕ್ ಮಾಡು.”

“ತಣ್ಣಗಿನದ್ದು ಬಾಕಿ ಉಂಟು. ಎರಡು ಬೆಳಿಗ್ಗೆ ಬೇಕು.”

“ಎರಡು ಬೆಳಿಗ್ಗೆ ಮಾಫಿ, ಇಲ್ಲವೇ ಇಲ್ಲ. ಮಧ್ಯಾಹ್ನದೊಳಗೆ ಏರ್‌ಲೈನಿಗೆ ಪೇಪರ್ ಹೋಗಬೇಕು. ಅದೇ ಮದ್ದು ತಾನೆ?”

“ಲಾಟ್ ಬೇರೆ ಸರ್.”

“ಅಕ್ಕಿಯ ಮೂಟೆ ಬೇರೆಯಾದರೆ ಅನ್ನವೂ ಬೇರೆಯಾಗುತ್ತದಾ? ಯಲ್ಲಾ, ಬೇಗ, ಲ್ಯಾನ್ಸ್.”

ಬೇರೆಯಾಗುತ್ತದೆ ಎಂದು ಅನ್ನ ಬೇಯಿಸಿದ ಯಾರಾದರೂ ಹೇಳಬಹುದಿತ್ತು. ಲ್ಯಾನ್ಸ್‌ಲಾಟ್ ಖಾಲಿ ಚೀಟಿಯೊಂದನ್ನು ಎಳೆದುಕೊಂಡರು. ಗಾನಿಮ್ ಬಾಗಿಲಲ್ಲೇ ನಿಂತು ಫೋನು ನೋಡುತ್ತಿದ್ದ. ಚೀಟಿಯಲ್ಲಿ ತಣ್ಣಗಿನ ಜಾಗ ಖಾಲಿ ಬಿಟ್ಟರೆ ಬೂ ಗಾನಿಮ್ ಯಾಕೆಂದು ಕೇಳುತ್ತಾರೆ, ಆಗ ಮಗನ ಹೆಸರು ಬರುತ್ತದೆ. ಲ್ಯಾನ್ಸ್‌ಲಾಟ್ ಕಳೆದ ವರ್ಷದ ಚೀಟಿ ತೆಗೆದು ನೋಡಿದರು. ಇಳಿತ ಎರಡು ಬೆರಳು ಎಂದಿತ್ತು. ಅದನ್ನೇ ಹೊಸ ಚೀಟಿಯಲ್ಲಿ ಬರೆದು ಸಹಿ ಹಾಕಿದರು. ಅಕ್ಷರ ಎಂದಿನಷ್ಟೇ ದುಂಡಗೆ ಬಂತು.

“ಐಸ್ ಡಬ್ಬಿ ಎಲ್ರೀ?” ಎಂದು ಯಮನಪ್ಪ ಹಲಗೆ ಹೊತ್ತು ಬರುತ್ತ ಕೇಳಿದ.

“ಈ ಸಲ ಬೇಡ ಅಂದ್ರು.”

“ಮತ್ತ ಚೀಟಿ ಮ್ಯಾಗ ಏನ್ ಬರದ್ರಿ?”

“ಬರಿಬೇಕಾದ್ದು ಬರೆದೆ.”

ಯಮನಪ್ಪ ಅವರನ್ನೊಮ್ಮೆ ನೋಡಿ, ಹಲಗೆಯನ್ನು ಗೋಡೆಗೆ ಒರಗಿಸಿ ಹೋದ.

ಬೂ ಗಾನಿಮ್ ಹದಿನಾಲ್ಕು ದಿನಕ್ಕೆಂದು ಹೋದವರು ಹತ್ತನೇ ದಿನ ಮರಳಿದರು. ನಡೆದದ್ದನ್ನು ಜೊತೆಗೆ ಹೋಗಿದ್ದ ಅಡುಗೆಯವನು ಮೈದಾನದಲ್ಲಿ ಎಲ್ಲರಿಗೂ ಹೇಳಿದ. ಆರನೇ ದಿನದ ನಸುಕು, ಚಳಿ ಬಹಳ. ಇನ್ನೂರೈವತ್ತು ಹೆಜ್ಜೆಯಾಚೆ ಜಿಂಕೆ ಜಾತಿಯ ಒಂಟಿ ಗಂಡು ನಿಂತಿತ್ತು. ಯಜಮಾನರು ಚೀಟಿ ನೋಡಿ, ಎರಡು ಬೆರಳು ಮೇಲೆ ಹಿಡಿದು, ಬಿಸ್ಮಿಲ್ಲಾ ಹೇಳಿ ಹೊಡೆದರು. ಗುಂಡು ಎದೆಯ ಕೆಳಗೆ ಹೋಗಿ ಮುಂಗಾಲು ಮುರಿಯಿತು. ಪ್ರಾಣಿ ಮೂರು ಕಾಲಿನಲ್ಲಿ ಗುಡ್ಡ ದಾಟಿತು. ಆಪರೇಷನ್ ಆದ ಮಂಡಿಯಲ್ಲಿ ಅವರು ಸಂಜೆಯವರೆಗೂ ಅದರ ಹಿಂದೆ ನಡೆದರು. ಒಂದು ತಂತಿ ಬೇಲಿಯ ಮೇಲೆ ರಕ್ತ ಸಿಕ್ಕಿತು, ಪ್ರಾಣಿ ಸಿಗಲಿಲ್ಲ. ಸಿಕ್ಕಿದ್ದರೆ ಕತ್ತು ಕೊಯ್ದು ಮುಗಿಸಬಹುದಿತ್ತು. ಮಾರನೇ ದಿನ ಅವರು ರೈಫಲ್ ಮುಟ್ಟಲಿಲ್ಲ, ಅದರ ಮಾರನೇ ದಿನವೂ ಮುಟ್ಟಲಿಲ್ಲ. ಆಮೇಲೆ ಟಿಕೆಟ್ ಬದಲಿಸಲು ಹೇಳಿದರು.

ಎರಡು ದಿನ ಕರೆ ಬರಲಿಲ್ಲ. ಆ ಎರಡು ದಿನ ಲ್ಯಾನ್ಸ್‌ಲಾಟ್ ಮನಸ್ಸಿನಲ್ಲೇ ಉತ್ತರ ಜೋಡಿಸಿದರು. ಮಗ ಬೇಡವೆಂದ ಎಂದರೆ ತಂದೆಯೆದುರು ಮಗನನ್ನು ಸಿಕ್ಕಿಸಿದ ಹಾಗೆ, ಆಮೇಲೆ ಗಾನಿಮ್ ಪತ್ರವನ್ನು ಸಹಿಗೆ ಒಯ್ಯುತ್ತಾನೆಯೇ? ತಪ್ಪನ್ನು ತಾವೇ ಹೊತ್ತರೆ ಯಜಮಾನರು ಬೈಯಬಹುದು. ಆದರೆ ಮಗನಿಗೆ ಒಂದು ಋಣ ಬೀಳುತ್ತದೆ. ಗಲ್ಫಿನಲ್ಲಿ ಮೂವತ್ತು ವರ್ಷ ಕಳೆದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಮೂರನೇ ದಿನ ಮೈದಾನದ ಆಫೀಸಿನಲ್ಲಿ ಬೂ ಗಾನಿಮ್ ಕಾಲು ಚಾಚಿ ಕೂತಿದ್ದರು. ಗಾನಿಮ್ ಕಾಫಿಯ ಹೂಜಿಯ ಬಳಿ ನಿಂತಿದ್ದ. ಮೇಜಿನ ಮೇಲೆ ಚೀಟಿ ಇತ್ತು.

“ಇದು ನೀನು ಬರೆದದ್ದಾ?”

“ಹೌದು ಸರ್.”

“ಐಸಿನಲ್ಲಿಟ್ಟು ನೋಡಿ ಬರೆದೆಯಾ?”

“ಇಲ್ಲ ಸರ್. ನನಗೆ ಟೈಮ್ ಸಿಗಲಿಲ್ಲ. ಹೋದ ವರ್ಷದ್ದು ಬರೆದೆ. ನನ್ನದೇ ತಪ್ಪು.”

“ಯಾರಾದರೂ ಬೇಡ ಅಂದರಾ?”

“ಯಾರೂ ಇಲ್ಲ.”

“ವಲ್ಲಾ?”

ದೇವರಾಣೆಗೂ ಎಂದು ಕೇಳುವ ಆ ಪದವನ್ನು ದೋಹಾದಲ್ಲಿ ಟ್ಯಾಕ್ಸಿಯವನೂ ಟೊಮೆಟೊ ಮಾರುವವನೂ ದಿನಕ್ಕೆ ಐವತ್ತು ಸಲ ಅನ್ನುತ್ತಾರೆ. ಲ್ಯಾನ್ಸ್‌ಲಾಟರೂ ಅನ್ನುತ್ತಿದ್ದರು.

“ವಲ್ಲಾ, ಸರ್.”

ಗಾನಿಮ್ ಹೂಜಿ ಕೆಳಗಿಟ್ಟು ಏನೋ ಹೇಳಹೊರಟ. ತಂದೆ ಕೈಯೆತ್ತಿ ತಡೆದರು.

“ವಿಮಾನ ನಿಲ್ದಾಣದಿಂದ ಬರುವಾಗ ಇವನು ಕಾರಿನಲ್ಲೇ ಎಲ್ಲ ಹೇಳಿದ,” ಎಂದರು. “ನೀನು ಎರಡು ಬೆಳಿಗ್ಗೆ ಕೇಳಿದ್ದು, ತಾನು ಬೇಡ ಅಂದದ್ದು. ಇವನಿಗೆ ಏನು ಹೇಳಬೇಕೋ ಹೇಳಿದ್ದೇನೆ. ನಿನ್ನ ಬಾಯಲ್ಲಿ ಒಮ್ಮೆ ಕೇಳೋಣ ಅಂತ ಕರೆಸಿದೆ.”

ಲ್ಯಾನ್ಸ್‌ಲಾಟರಿಗೆ ಕೂರಲು ಕುರ್ಚಿ ಇತ್ತು, ಅವರು ನಿಂತೇ ಇದ್ದರು.

“ನಾನು ಹೊಡೆದದ್ದು ನಿನ್ನ ಚೀಟಿ ನೋಡಿ. ಇನ್ನು ಅದನ್ನು ನೋಡಿ ಹೊಡೆಯಲಾರೆ.” ಬೂ ಗಾನಿಮ್ ಚೀಟಿಯನ್ನು ಮಡಚಿ ಮುಂದೆ ತಳ್ಳಿದರು. ದನಿ ಏರಲಿಲ್ಲ. “ಸೆಪ್ಟೆಂಬರಿಗೆ ಖಲಾಸ್. ನಿನಗೆ ಸೇರಬೇಕಾದ್ದರಲ್ಲಿ ಏನೂ ಕಡಿಮೆಯಾಗುವುದಿಲ್ಲ. ಮನೆಯಲ್ಲಿ ರೆಜಿನಾ ಆರಾಮವಾ?”

“ಆರಾಮ, ಸರ್.”

ಗಾನಿಮ್ ಹೊರಗಿನವರೆಗೂ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ.

“ನನಗೋಸ್ಕರ ಸುಳ್ಳು ಹೇಳು ಅಂತ ನಿನಗೆ ಯಾರು ಹೇಳಿದ್ದು, ಲ್ಯಾನ್ಸ್? ನಿಜ ಹೇಳಿದ್ದರೆ ಇವತ್ತೇ ಪತ್ರಕ್ಕೆ ಸಹಿ ಆಗುತ್ತಿತ್ತು. ಫೈಲು ನನ್ನ ಕೈಯಲ್ಲೇ ಇತ್ತು.”

“ಸಾರಿ, ಸರ್.”

ಅಷ್ಟು ಹೊತ್ತಿಗೆ ಸುದ್ದಿ ಯಮನಪ್ಪನಿಗೂ ಮುಟ್ಟಿತ್ತು. ಹಲಗೆಗಳ ನೆರಳಿನಲ್ಲಿ ಕೂತಿದ್ದವನು ಸರಿದು ಜಾಗ ಕೊಟ್ಟ.

“ಅಲ್ರೀ, ಅಪ್ಪ ಬಾಯಿಬಿಟ್ಟು ಕೇಳಿದ ಮ್ಯಾಲೂ ಮಗನ ಹೆಸರು ಹೇಳಾಕ ನಿಮಗೇನ ಧಾಡಿ?”

“ನೀನಾಗಿದ್ರೆ ಹೇಳ್ತಿದ್ದಿಯಾ?”

ಯಮನಪ್ಪ ನೆಲದ ಮೇಲಿದ್ದ ಖಾಲಿ ಕವಚವೊಂದನ್ನು ಎತ್ತಿ ಉಫ್ ಎಂದು ಮರಳು ಊದಿದ.

“ಇಲ್ರೀ,” ಎಂದ. “ನಾನೂ ನಿಮ್ಮಂಗ ಅಂತಿದ್ದೆ.”

ಆ ರಾತ್ರಿ ಬೇಟೆಯಿಂದ ಮರಳಿ ಬಂದ ತೋಟೆಗಳಲ್ಲಿ ಹತ್ತು ಐಸಿನಲ್ಲಿದ್ದವು. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಲ್ಯಾನ್ಸ್‌ಲಾಟ್ ಒಬ್ಬರೇ ಹೊಡೆದು ಅಳೆದರು. ಇಳಿತ ಐದು ಬೆರಳು, ಮರುದಿನವೂ ಅಷ್ಟೇ. ಅದನ್ನು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೋಣೆಯ ಫೈಲಿನಲ್ಲಿಟ್ಟರು. ಅದನ್ನು ಇನ್ನು ಯಾರೂ ಓದಬೇಕಾಗಿರಲಿಲ್ಲ.

ರೆಜಿನಾಳಿಗೆ ಅವರು ಎಲ್ಲವನ್ನೂ ಹೇಳಿದ್ದರು. ಅವಳು ಕೇಳಿಸಿಕೊಂಡು ಅಡುಗೆಮನೆಗೆ ಹೋಗಿದ್ದಳು, ಎರಡು ದಿನ ಬೇಕಾದಷ್ಟೇ ಮಾತಾಡಿದ್ದಳು. ಸೋಮವಾರ ಸಂಜೆ ಜಾನಿಸ್ ಮಗುವನ್ನು ಕರೆದೊಯ್ಯಲು ಬಂದಳು. ಕೊಂಕಣಿಯಲ್ಲಿ ಶುರುವಾಗಿ ಇಂಗ್ಲಿಷಿಗೆ ಜಾರಿ ಮತ್ತೆ ಕೊಂಕಣಿಗೆ ಬರುವುದು ಅವಳ ಮಾತಿನ ರೀತಿ.

“ಡ್ಯಾಡಿ, ಲೆಟರ್ ಎಂತಾಯ್ತು? ಸೈನ್ ಆಯ್ತಾ?”

“ಆಗುದಿಲ್ಲ ಅಂತೆ ಮಗಾ. ಅರವತ್ತಾಗ್ತದಲ್ಲ. ಕಂಪನಿಯ ರೂಲ್ಸ್ ಈಗ ಸ್ಟ್ರಿಕ್ಟ್.”

ರೆಜಿನಾ ಮಗುವಿಗೆ ಗಂಜಿ ಉಣಿಸುತ್ತಿದ್ದಳು. ಚಮಚ ಬಟ್ಟಲಿನಲ್ಲೇ ಬಿಟ್ಟಳು.

“ರೂಲ್ಸ್ ಅಲ್ಲ ಜಾನಿಸ್. ನಿನ್ನ ಡ್ಯಾಡಿ ನೋಡದ್ದನ್ನು ನೋಡಿದೆ ಅಂತ ಬರೆದ್ರು. ಮತ್ತೆ ಯಜಮಾನರು ಕೇಳಿದಾಗ ಸುಳ್ಳು ಹೇಳಿದ್ರು. ನಿಜ ಹೇಳಿದ್ರೆ ಎರಡು ವರ್ಷ ಕೈಯಲ್ಲಿತ್ತು.”

“ರೆಜಿನಾ,” ಎಂದರು ಲ್ಯಾನ್ಸ್‌ಲಾಟ್.

“ಎಂತ ರೆಜಿನಾ? ಈಗ ಮಗಳ ಹತ್ತಿರವೂ ಶುರು ಮಾಡಿದ್ರಲ್ಲ. ಒಳ್ಳೆಯವರಾಗ್ಲಿಕ್ಕೆ ನೋಡಿದ್ರಿ. ಅವರಿಗೂ ಬೇಡ ಆದ್ರಿ, ನಮಗೂ ಇಲ್ಲದ ಹಾಗೆ ಮಾಡಿದ್ರಿ.”

ಜಾನಿಸ್ ತಾಯಿಯನ್ನು ನೋಡಿದಳು, ಆಮೇಲೆ ತಂದೆಯನ್ನು.

“ಡ್ಯಾಡಿ, ಹೌದಾ?”

ಕಂಪನಿ, ಯಜಮಾನರ ಮಂಡಿ ನೋವು, ಹೊಸ ಲಾಟ್ ಎಂದು ಹೇಳಲು ಅವರ ಬಳಿ ಇನ್ನೂ ಕೆಲವು ಮಾತುಗಳಿದ್ದವು. ಗಂಜಿ ಹತ್ತಿದ ಬಾಯಿಯಲ್ಲಿ ಮಗು ಅವರ ಕಡೆಗೆ ಕೈಚಾಚುತ್ತಿತ್ತು.

“ಹೌದು,” ಎಂದರು.

ಜಾನಿಸ್ ಮಗುವಿನ ಬಾಯಿ ಒರೆಸಿದಳು, ಸೋಫಾದ ಸಂದಿಯಿಂದ ಅದರ ಕಾಲುಚೀಲ ಹುಡುಕಿ ತೊಡಿಸಿದಳು, ಹಾಲಿನ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡಳು. ಅಲ್ ವುಕೈರ್‌ನಲ್ಲಿ ಅವಳ ಬಿಲ್ಡಿಂಗಿನ ನೆಲಮಹಡಿಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಒಂದು ಜಾಗವಿದೆ. ಲಿಫ್ಟಿನಲ್ಲಿ ಇಳಿಯುವಾಗಲೇ ಅಲ್ಲಿಗೆ ಮೆಸೇಜು ಕಳಿಸಿದಳು, ಸೆಪ್ಟೆಂಬರಿನಿಂದ ಒಂದು ಸೀಟು ಸಿಗುತ್ತದೆಯೇ ಎಂದು.