ಸೀಸದ ಕಲಾಯಿಯ ತಪ್ಪಲೆ

ಹಿತ್ತಾಳೆ ತಪ್ಪಲೆ ಕಂಡರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ. ಯಾರಾದರೂ ‘ಹಿಂದಿನ ಕಾಲದ ಪಾತ್ರೆಯ ರುಚಿಯೇ ರುಚಿ’ ಎಂದು ಹೊಗಳಿದರಂತೂ, ಥೂ, ನಿಮ್ಮ ರುಚಿಗಿಷ್ಟು ಬೆಂಕಿ ಬೀಳ, ಎಂದು ಎದ್ದುಬಿಡುತ್ತೇನೆ.

ಅದು ಎರಡನೇ ಮಹಾಯುದ್ಧದ ಕಾಲ; ನಾನಿನ್ನೂ ಲಂಗ ತೊಡುವ ಹುಡುಗಿ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅತ್ತಿಗೆಗೆ, ಅಂದರೆ ಅಣ್ಣನ ಹೆಂಡತಿಗೆ, ಆಗಷ್ಟೇ ತಿಂಗಳು ನಿಂತಿತ್ತು. ಚೊಚ್ಚಲ ಬಸಿರು. ಹಬ್ಬಕ್ಕೆ ಅರಕಲಗೂಡಿನ ನೆಂಟರು ಬರುತ್ತಾರೆಂದು ಅವ್ವ ದೊಡ್ಡ ತಪ್ಪಲೆಗೆ ಕಲಾಯಿ ಹಾಕಿಸಿದಳು. ಕಲಾಯಿಯವನು ಪ್ರಾಮಾಣಿಕ. “ಈ ಯುದ್ದದಾಗೆ ಕಲಾಯಿಗೆ ತವರ ಎಲ್ಲವ್ವಾ ಸಿಕ್ತದೆ? ಸೀಸ ಬೆರೆಸಿವ್ನಿ. ಇದ್ರಾಗೆ ಉಣ್ಸೆ ಉಳಿ ಮಾತ್ರ ಆಕ್ಬ್ಯಾಡಿ ಕಣವ್ವಾ” ಎಂದ.

“ಪಳಪಳ ವಳೆದ್ರೆ ಸಾಕು ಓಗಯ್ಯಾ, ನೆಂಟ್ರ ಮುಂದೆ ಮಾನ ಉಳೀಬೇಕು” ಎಂದಳು ಅವ್ವ.

ನೆಂಟರು ಉಂಡು ಹೋದರು. ಮಾರನೆಯ ದಿನ ಅದೇ ತಪ್ಪಲೆಗೆ ಹುಣಸೆ ಗೊಜ್ಜು ಬಿತ್ತು. ಬಸುರಿಗೆ ಹುಳಿಯ ಬಯಕೆಯಲ್ಲವೇ! ಮೂರು ದಿನ, ನಾಲ್ಕು ದಿನ ಅದರಲ್ಲೇ ಇರುತ್ತಿತ್ತು. ಬೆಳ್ಳಗೆ ಹೊಳೆಯುತ್ತಿದ್ದ ಒಳಮೈ ಕೊಚ್ಚೆಯ ಬಣ್ಣಕ್ಕೆ ತಿರುಗಿತು. ಅತ್ತಿಗೆ ಬೆರಳಲ್ಲಿ ಬಳಿದು ನೆಕ್ಕಿ, “ನಮ್ಮ ತವರ್ಮನೆ ಬಾಗೂರ ಗೊಜ್ಜು ಇಷ್ಟು ಸೀ ಇರಾಕಿಲ್ಲ ಕಣೇ” ಎನ್ನುವಳು. ಅದು ಸೀಸದ ಸಿಹಿ. ಅವ್ವ ಮಾತ್ರ ತನ್ನ ಕೈಗುಣವೆಂದು ಬೀಗುತ್ತಿದ್ದಳು.

ಐದನೇ ತಿಂಗಳಲ್ಲಿ ಗ್ರಹಣ ಬಂತು. ಗ್ರಹಣದಲ್ಲಿ ಬಸುರಿ ಏನಾದರೂ ಕುಯ್ದರೆ ಕೂಸಿನ ತುಟಿ ಸೀಳುತ್ತದೆ ಎಂಬ ಮಾತಿತ್ತು. ಅತ್ತಿಗೆಯನ್ನೂ ಅವಳ ಜೊತೆಗೆಂದು ನನ್ನನ್ನೂ ಕತ್ತಲೆ ಕೋಣೆಗೆ ಹಾಕಿ ಅವ್ವ ಹೊರಗಿನಿಂದ ಚಿಲಕ ಹಾಕಿದಳು. ಅತ್ತಿಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಗ್ರಹಣ ಬಿಡುವ ತನಕ ನಿದ್ದೆ ಮಾಡಿದಳು. ಕುಡುಗೋಲಿರಲಿ, ಆ ಕೋಣೆಯಲ್ಲಿ ಒಂದು ಸೂಜಿಯೂ ಇರಲಿಲ್ಲ.

ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ಕೂಸಿನ ಮೇಲ್ದುಟಿ ಮೂಗಿನವರೆಗೂ ಸೀಳಿತ್ತು. ಕುಡಿಸಿದ ಹಾಲು ಮೂಗಿನಲ್ಲಿ ಬರುತ್ತಿತ್ತು. ಒಂಬತ್ತು ದಿನ ಬದುಕಿತ್ತು.

“ಗ್ರಹಣದಾಗೆ ಏನೋ ಕುಯ್ದವ್ಳೆ ಕಣ್ರವ್ವಾ” ಎಂದು ಅವ್ವ ಬೀದಿಗೆಲ್ಲ ಸಾರಿದಳು. ಬೀದಿ ಹೌದೌದೆಂದು ತಲೆಯಾಡಿಸಿತು. ನಾಲಿಗೆಗೆ ಎಲುಬಿಲ್ಲವಲ್ಲ! ಅತ್ತಿಗೆಯನ್ನು ತವರಿಗೆ ಅಟ್ಟುವುದು, ಅಣ್ಣನಿಗೆ ಬೇರೆ ಹೆಣ್ಣು ತರುವುದು ಎಂದು ತೀರ್ಮಾನವಾಯಿತು. ಅಣ್ಣನೆಂಬ ಗಂಡಸು ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದ.

ಎಷ್ಟೋ ವರ್ಷದ ಮೇಲೆ ಹಾಸನದ ಡಾಕ್ಟರೊಬ್ಬರನ್ನು ಕೇಳಿದೆ. “ಸೀಸ ಬಸುರಿಗೆ ವಿಷವೇ. ಆದ್ರೆ ಆ ತುಟಿ ಅದರಿಂದ್ಲೇ ಸೀಳ್ತು ಅಂತ ಹೇಳಕ್ಕಾಗಲ್ಲಮ್ಮ” ಎಂದರು. ಇರಬಹುದು. ಗ್ರಹಣದಲ್ಲಿ ಅವಳು ಏನನ್ನೂ ಕುಯ್ಯಲಿಲ್ಲ ಎಂಬುದು ಮಾತ್ರ ಅವತ್ತೇ ನನಗೆ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿತ್ತು.

ಅತ್ತಿಗೆಯನ್ನು ಅಟ್ಟುವ ದಿನ ಬಾಗೂರಿನ ಗಾಡಿ ಬಾಗಿಲಿಗೆ ಬಂತು. ದಾರಿಗೆಂದು ಅವ್ವ ಬುತ್ತಿ ಕಟ್ಟಿದ್ದಳು, ರೊಟ್ಟಿ ಮತ್ತು ಅದೇ ಗೊಜ್ಜು. ಅತ್ತಿಗೆ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು: “ನೀನಿದ್ದಲ್ಲ ಕೂಸೇ, ನಿಜ ಯೋಳು. ನಿದ್ದೆಗಣ್ಣಾಗೆ ನಾನೇನಾರ ಕುಯ್ದ್ಬುಟ್ನಾ?”

ಅವ್ವ ಹೊಸಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು.

ನಾನು ಹೂಂ ಎಂದೆ.