ಸಾಯಬಣ್ಣ ಊರಿಗೆ ಹೋದದ್ದು

ಮುಂಬೈಯ ಮಾಟುಂಗದ ಪ್ರಶಾಂತ ಶೆಟ್ಟರ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಇಪ್ಪತ್ತಮೂರು ವರ್ಷ ನಿಂತ ಸಾಯಬಣ್ಣನಿಗೆ ಊರಿಗೆ ಹೋಗುವ ರಜೆ ಒಂದು ದಿನವೂ ಸಿಕ್ಕಿರಲಿಲ್ಲ. ಕಾರಣ ಸರಳ: ಅವನಿಗೆ ಊರಿರಲಿಲ್ಲ.

ಇದು ಅವನ ಮಾತಲ್ಲ, ಮ್ಯಾನೇಜರ್ ಕೊರಗಪ್ಪನ ತೀರ್ಪು. ಹೋಟೆಲಿನ ಹದಿನೆಂಟು ಜನ ಕೆಲಸಗಾರರಿಗೂ ವರ್ಷಕ್ಕೊಂದು ತಿಂಗಳು ಊರಿನ ರಜೆ ಎಂದು ಶೆಟ್ಟರ ತಂದೆಯ ಕಾಲದಲ್ಲೇ ಕಾನೂನಾಗಿತ್ತು. ಅದಕ್ಕೊಂದು ಉದ್ದನೆಯ ರಜೆ ಪುಸ್ತಕ. ಹೆಸರು, ಊರು, ತಾಲ್ಲೂಕು, ಹೋಗುವ ರೈಲು, ಬರುವ ರೈಲು ಎಂದು ಗೆರೆ ಎಳೆದು, ಕೊರಗಪ್ಪ ಅದನ್ನು ದೇವರ ಪಟದ ಕೆಳಗೆ ಇಡುತ್ತಿದ್ದ. ಹದಿನೇಳು ಜನ ಕಾರ್ಕಳ, ಕುಂದಾಪುರ, ಬೆಳ್ತಂಗಡಿ ಕಡೆಯವರು. ಹದಿನೆಂಟನೆಯವನು ಸಾಯಬಣ್ಣ. ಹುಟ್ಟಿದ್ದು ಧಾರಾವಿ, ಬೆಳೆದದ್ದು ಧಾರಾವಿ, ದಾನವ್ವನ ಕೊರಳಿಗೆ ತಾಳಿ ಕಟ್ಟಿದ್ದು ಧಾರಾವಿ. ಹೋಟೆಲಿನಿಂದ ನಡೆದರೆ ಇಪ್ಪತ್ತು ನಿಮಿಷ. ಇಂಥವನಿಗೆ ಹೋಗುವ ರೈಲು ಯಾವುದು, ಬರುವ ರೈಲು ಯಾವುದು?

ಹೀಗಾಗಿ ಪ್ರತಿ ಮೇ ತಿಂಗಳು ಅರ್ಧ ಹೋಟೆಲು ಮಂಗಳೂರು ಗಾಡಿ ಹತ್ತಿದಾಗ, ಸಾಯಬಣ್ಣ ಏಕಾಂಗವೀರನಾಗಿ ಕೋಟೆ ಕಾಯುತ್ತಿದ್ದ. ಎರಡು ಕಾವಲಿ, ಒಂದು ಇಡ್ಲಿ ಪಾತ್ರೆ, ಕೈಕೊಡುವ ಗ್ರೈಂಡರು, ಎದುರಿಗೆ ಮಸಾಲೆ ದೋಸೆಗೆ ಹಸಿದ ಮಾಟುಂಗದ ಸಮಸ್ತ ಸೈನ್ಯ. ಬಲಗೈಯಲ್ಲಿ ಹಿಟ್ಟಿನ ಬಟ್ಟಲು, ಎಡಗೈಯಲ್ಲಿ ಸಟ್ಟುಗ, ಹೆಗಲ ಮೇಲೆ ಬೆವರೊರೆಸುವ ಟವೆಲು. ಜೂನ್ ಹುಟ್ಟುವಷ್ಟರಲ್ಲಿ ನಾಲ್ಕು ಕಿಲೋ ಇಳಿದಿರುತ್ತಿದ್ದ. ಊರಿಂದ ಮರಳಿದವರು ಕೆನ್ನೆ ತುಂಬಿಕೊಂಡು ಬಂದು, ಅವನ ಕೈಗೊಂದು ಹಲಸಿನ ಹಪ್ಪಳದ ಕಟ್ಟು ಕೊಟ್ಟು, “ನೀನು ಪುಣ್ಯವಂತ ಮಾರಾಯ, ಪ್ರಯಾಣದ ರಗಳೆಯೇ ಇಲ್ಲ” ಎನ್ನುತ್ತಿದ್ದರು. ಆ ಹಪ್ಪಳ ಕರಿಯುವಾಗಲೆಲ್ಲ ಸಾಯಬಣ್ಣನ ಹೊಟ್ಟೆ ಎಣ್ಣೆಗಿಂತ ಹೆಚ್ಚು ಕುದಿಯುತ್ತಿತ್ತು.

ಅಪ್ಪನ ಊರೊಂದಿತ್ತು, ವಿಜಯಪುರ ಜಿಲ್ಲೆಯ ಸಿಂದಗಿಯ ಆಚೆ. ಅಪ್ಪ ತೊಗಲಿನ ಕೆಲಸ ಹುಡುಕಿ ಧಾರಾವಿಗೆ ಬಂದವನು ಹಿಂದಿರುಗಿ ನೋಡಿರಲಿಲ್ಲ. ಅಜ್ಜಿ ಸತ್ತಾಗ ಸಾಯಬಣ್ಣ ತನ್ನ ಹತ್ತೊಂಬತ್ತರ ವಯಸ್ಸಿನಲ್ಲಿ ಒಮ್ಮೆ ಅಲ್ಲಿಗೆ ಹೋಗಿದ್ದ. ಎಲ್ಲರೂ ನೆಲದ ಮೇಲೆ ಕೂತಿದ್ದರು. ಅವನಿಗೆ ಮಾತ್ರ ಯಾರದೋ ಮನೆಯಿಂದ ಕುರ್ಚಿ ತಂದು ಹಾಕಿದರು. ಸಂಜೆಯೊಳಗೆ ಮೂರು ಜನ, “ನಿಮ್ಮೂರಿಗೆ ಯಾವಾಗ ಹೊಂಟೀರಿ?” ಎಂದು ಕೇಳಿದರು. ಮರುದಿನವೇ ಹೊರಟು ಬಂದ. ಅಲ್ಲಿ ಅವನು ಮುಂಬೈಯವನು, ಮುಂಬೈಯಲ್ಲಿ ವಿಜಯಪುರದವನು. ಎರಡೂ ಕಡೆ ಸೇರಿ ಅವನನ್ನು ರೈಲಿನಲ್ಲೇ ಇಟ್ಟುಬಿಟ್ಟಿದ್ದವು, ಟಿಕೆಟ್ಟನ್ನೂ ಕೊಡದೆ.

ಈ ವರ್ಷ ಏಪ್ರಿಲ್ ಕೊನೆಯಲ್ಲಿ ಕುದಿತ ಉಕ್ಕಿತು. ಅಕ್ಷಯ ಎಂಬ ಸಪ್ಲಾಯರು ಸೇರಿ ಎಂಟು ತಿಂಗಳಾಗಿತ್ತು. ಅವನ ಹೆಸರಿನ ಮುಂದೆ ಕೊರಗಪ್ಪ ಮೂವತ್ತೊಂದು ದಿನ ಬರೆದ. ಸಾಯಬಣ್ಣ ಒಲೆ ಸಣ್ಣ ಮಾಡಿ ಕ್ಯಾಶ್ ಕೌಂಟರಿನ ಎದುರು ಬಂದು ನಿಂತ.

“ಕೊರಗಪ್ಪಣ್ಣ, ನನ್ನ ಹೆಸರೂ ಬರೀರಿ. ಒಂದನೇ ತಾರೀಕಿಂದ.”

“ಎಲ್ಲಿಗೆ ಹೋಗುದು?”

“ಊರಿಗೆ.”

“ಯಾವ ಊರು ಮಾರಾಯ?”

“ಧಾರಾವಿ.”

ಅಡುಗೆಮನೆಯಿಂದ ನಗು ಹೊರಬಂತು. ಕೊರಗಪ್ಪ ನಗಲಿಲ್ಲ, ಅವನು ರಜೆಯ ವಿಷಯದಲ್ಲಿ ನಗುವವನಲ್ಲ.

“ಅದು ಊರಲ್ಲ. ಅದು ನೀನು ಇರುವ ಜಾಗ. ಇರುವ ಜಾಗ ಬೇರೆ, ಊರು ಬೇರೆ. ಬಿಟ್ಟು ಬಂದದ್ದಕ್ಕೆ ಊರು ಅಂತ ಹೇಳುದು.”

“ನಾ ಬಿಟ್ಟು ಬಂದಿಲ್ಲ, ಅದು ನನ್ನ ತಪ್ಪೇನ್ರಿ? ನೀವೆಲ್ಲಾ ನಿಮ್ಮ ನಿಮ್ಮ ಊರು ಬಿಟ್ಟು ಓಡಿ ಬಂದ್ರಿ, ನಿಮಗ ಇನಾಮು. ನಾ ಹುಟ್ಟಿದಲ್ಲೇ ನಿಂತೀನಿ, ನನಗ ಸಜಾ?”

“ನೀನು ದಿನಾ ಊರಿಗೆ ಹೋಗ್ತಾ ಇದ್ದಿ ಅಲ್ವಾ? ದಿನಾ ಹೋಗುವವನಿಗೆ ಎಂತಕ್ಕೆ ರಜೆ?”

“ದಿನಾ ಮಲಗಾಕ ಹೋಗ್ತೀನಿ!” ಸಾಯಬಣ್ಣನ ದನಿ ರಸ್ತೆಗೆ ಕೇಳಿತು. “ಮುಂಜಾನಿ ಐದಕ್ಕ ಬಿಡ್ತೀನಿ, ರಾತ್ರಿ ಹತ್ತಕ್ಕ ಹೋಗ್ತೀನಿ. ನನ್ನ ಊರಾಗ ಬಿಸಲು ಯಾವ ಕಡಿಂದ ಬೀಳ್ತೈತಿ ಅಂತ ನನಗ ಗೊತ್ತಿಲ್ಲ!”

ಹಾಗೆಂದವನೇ ಪೆನ್ನು ಕಸಿದು ತಾನೇ ಬರೆದ. ಊರು: ಧಾರಾವಿ. ತಾಲ್ಲೂಕು: ಧಾರಾವಿ. ಹೋಗುವ ರೈಲು: ಕಾಲು. ಬರುವ ರೈಲು: ಅದೇ ಕಾಲು. ಗದ್ದಲ ಕೇಳಿ ಒಳಕೋಣೆಯಿಂದ ಬಂದ ಪ್ರಶಾಂತ ಶೆಟ್ಟರು ಪುಸ್ತಕ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೋಗಲಿ ಬಿಡು ಕೊರಗಪ್ಪ. ಎರಡು ದಿನದಲ್ಲಿ ತಾನೇ ಬರ್ತಾನೆ.”

ಆ ನಗುವೇ ಯುದ್ಧಘೋಷಣೆಯಾಯಿತು.

ಮೇ ಒಂದನೇ ತಾರೀಕು ಬೆಳಿಗ್ಗೆ ಸಾಯಬಣ್ಣ ಊರಿಗೆ ಹೋಗುವವರ ಸಕಲ ಮರ್ಯಾದೆಗಳೊಂದಿಗೆ ಹೊರಟ. ಇಸ್ತ್ರಿ ಅಂಗಿ, ಹಣೆಗೆ ಕುಂಕುಮ, ಕೈಯಲ್ಲಿ ಜಿಪ್ಪು ಹರಿದ ದೊಡ್ಡ ಬ್ಯಾಗು. ಬ್ಯಾಗಿನಲ್ಲಿ ಇದ್ದದ್ದು ಎರಡು ಟವೆಲು ಮಾತ್ರ, ಆದರೆ ಅದನ್ನು ಭಾರ ಎಂಬಂತೆ ಹೊತ್ತ. ದೇವರಿಗೆ ಕೈ ಮುಗಿದು, ಒಬ್ಬೊಬ್ಬರಿಗೂ “ಬರ್ತೀನಪ್ಪಾ, ಊರಿಗೆ ಹೋಗಿ ಬರ್ತೀನಿ” ಎಂದು ಹೇಳಿ, ಫುಟ್‌ಪಾತಿಗೆ ಇಳಿದ. ಅಲೆಕ್ಸಾಂಡರನೂ ಇಷ್ಟು ಗತ್ತಿನಿಂದ ಹೊರಟಿರಲಾರ; ಅವನದು ಪರರ ನೆಲ, ಸಾಯಬಣ್ಣನದು ತನ್ನದೇ. ಇಪ್ಪತ್ತೇ ನಿಮಿಷದಲ್ಲಿ ಊರು ಬಂದುಬಿಟ್ಟಿತು ಎಂಬುದೊಂದೇ ಬೇಸರ.

ಊರಲ್ಲಿ ಮಾತ್ರ ವೀರನಿಗೆ ಸ್ವಾಗತವಿರಲಿಲ್ಲ. ಹಗಲಿನಲ್ಲಿ ಅವನ ಮನೆ ಮನೆಯಾಗಿರಲೇ ಇಲ್ಲ. ಹತ್ತಡಿಯ ಕೋಣೆಯಲ್ಲಿ ದಾನವ್ವನೂ ಇನ್ನಿಬ್ಬರು ಹೆಂಗಸರೂ ಮೂರು ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಯ ಬ್ಯಾಗು ಹೊಲಿಯುತ್ತಿದ್ದರು. ಅವನು ರಾತ್ರಿ ಮಲಗುವ ಜಾಗದಲ್ಲಿ ನೀಲಿ ಬ್ಯಾಗುಗಳ ಗುಡ್ಡ. ಇದೆಲ್ಲ ಅವನಿಗೆ ಗೊತ್ತಿತ್ತು, ಆದರೆ ಗೊತ್ತಿರುವುದು ಬೇರೆ, ಅದರ ನಡುವೆ ಕಾಲು ಚಾಚಲು ಜಾಗ ಹುಡುಕುವುದು ಬೇರೆ.

“ಪಪ್ಪಾ, ಆಜ್ ಹೋಟೆಲ್ ಬಂದ್ ಹೈ ಕ್ಯಾ?” ಎಂದಳು ಕಾಲೇಜಿಗೆ ಹೊರಟಿದ್ದ ಮಗಳು ಮಾಧುರಿ.

“ರಜಾದಾಗ ಬಂದೀನಿ. ಒಂದು ತಿಂಗಳು.”

“ಒಂದು ತಿಂಗಳು?” ದಾನವ್ವ ಯಂತ್ರ ನಿಲ್ಲಿಸಿದಳು. “ಎಲ್ಲಿ ಕೂಡ್ತೀರಿ?”

ಅವನು ಹೊರಗೆ ಕಟ್ಟೆಯ ಮೇಲೆ ಕೂತ. ಗಲ್ಲಿಯ ತುಂಬ ಓಡಾಡುವ ಜನರಲ್ಲಿ ಅರ್ಧ ಮುಖಗಳು ಹೊಸವು. ಎದುರು ಮನೆಗೆ ಎರಡು ವರ್ಷದ ಹಿಂದೆ ಬಂದ ಬಿಹಾರದ ಹೆಂಗಸು ಅವನನ್ನು ಒಂದು ಗಳಿಗೆ ನೋಡಿ, ಒಳಕ್ಕೆ ತಲೆ ಹಾಕಿ ದಾನವ್ವನನ್ನು ಕೇಳಿದಳು: “ಭಾಭಿ, ಗಾಂವ್ ಸೇ ಮೆಹಮಾನ್ ಆಯೇ ಹೈಂ?”

ಊರಿಂದ ಬಂದ ನೆಂಟ! ಹುಟ್ಟಿದ ಗಲ್ಲಿಯಲ್ಲಿ, ತಾನೇ ಕಲ್ಲು ಹೊತ್ತು ಕಟ್ಟಿದ ಕಟ್ಟೆಯ ಮೇಲೆ! ಸಾಯಬಣ್ಣ ಎದ್ದು ನಿಂತು, ಇದು ತನ್ನ ಮನೆ, ಇದು ತನ್ನ ಹೆಂಡತಿ, ಆ ನಲ್ಲಿ ಹಾಕಿಸಲು ಅರ್ಜಿ ಬರೆದವನು ತನ್ನ ಅಪ್ಪ ಎಂದು ಹರಕು ಹಿಂದಿಯಲ್ಲಿ ಒಂದು ಭಾಷಣವನ್ನೇ ಬಿಗಿದ. ಆಕೆ ಸಮಾಧಾನದಿಂದ ಕೇಳಿ, “ಅಚ್ಛಾ, ಕಬ್ ತಕ್ ಹೈಂ?” ಎಂದಳು. ಎಷ್ಟು ದಿನ ಇರುತ್ತೀರಿ? ಸಿಂದಗಿಯ ಆಚೆಯ ಆ ಮೂವರು ಇಲ್ಲಿಗೂ ಹಿಂಬಾಲಿಸಿಕೊಂಡು ಬಂದಂತಾಯಿತು. ಇಪ್ಪತ್ತಮೂರು ವರ್ಷ ಹಗಲನ್ನೆಲ್ಲ ಹೋಟೆಲು ನುಂಗಿತ್ತು. ಈಗ ಅವನು ಇಲ್ಲೂ ರಾತ್ರಿಯ ಬಾಡಿಗೆದಾರ. ಸಿಟ್ಟಿಗೆ ಅವನು ಮೂರು ಚಹಾ ಕುಡಿದ.

ಮೂರನೇ ದಿನಕ್ಕೆ ಸತ್ಯ ಹೇಳಬೇಕೆಂದರೆ ಬೇಸರ ಬಂದಿತ್ತು. ಬಲಗೈ ತಾನಾಗಿ ಗಾಳಿಯಲ್ಲಿ ದೋಸೆ ಹುಯ್ಯುತ್ತಿತ್ತು. ಅಷ್ಟರಲ್ಲಿ ಶೆಟ್ಟರ ಫೋನು.

“ಸಾಯಬಣ್ಣ, ಬಾ ಮಾರಾಯ. ಕೊರಗಪ್ಪ ದೋಸೆ ಹುಯ್ತಾ ಇದ್ದಾನೆ. ಗಿರಾಕಿಗಳು ಅದನ್ನು ಕೈಯಲ್ಲಿ ಹಿಡಿದು ನನಗೆ ತೋರಿಸ್ತಾ ಇದ್ದಾರೆ.”

“ಊರಾಗ ಅದೀನ್ರಿ ಸೇಟ್ರ. ನಡುವ ಹೆಂಗ ಬರ್ಲಿ? ಹಲೋ? ಹಲೋ? ಇಲ್ಲಿ ರೇಂಜ್ ಸಿಗಂಗಿಲ್ರಿ.”

ಊರಿಗೆ ಹೋದವರ ಬಾಯಿಂದ ತಾನು ವರ್ಷಗಟ್ಟಲೆ ಕೇಳಿಸಿಕೊಂಡಿದ್ದ ಮಾತು. ಹೇಳಿ ಕಟ್ ಮಾಡಿದಾಗ ಎದೆ ತಂಪಾಯಿತು.

ಆರನೇ ದಿನ ಶೆಟ್ಟರೇ ಬಂದರು. ಐವತ್ತು ವರ್ಷ ಇಪ್ಪತ್ತು ನಿಮಿಷದ ದೂರದಲ್ಲಿದ್ದು ಧಾರಾವಿಯ ಒಳಗೆ ಕಾಲಿಡದ ಮನುಷ್ಯ ನಾಲ್ಕು ಸಲ ದಾರಿ ತಪ್ಪಿ, ಬಿಳಿ ಅಂಗಿ ಮೈಗಂಟಿ, ಗಲ್ಲಿಯ ಬಾಯಲ್ಲಿ ಪ್ರತ್ಯಕ್ಷರಾದರು. ಸಾಯಬಣ್ಣ ಎದ್ದು, ಮನೆಗೆ ಬಂದವರಿಗೆ ಮಾಡಬೇಕಾದದ್ದನ್ನೆಲ್ಲ ಮಾಡಿದ. ಕಾಲಿಗೆ ನೀರು ಕೊಟ್ಟ. ಚಹಾ ತರಿಸಿದ. ಪಕ್ಕದ ಮನೆಯಿಂದ ಒಂದು ಕುರ್ಚಿ ಇಸಿದುಕೊಂಡು ತಂದ. ತಾನು ಕಟ್ಟೆಯ ಮೇಲೆ ಕೂತ.

ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದಳು. “ಯೇ ಮೆಹಮಾನ್ ಕಹಾಂ ಕೇ ಹೈಂ?” ಈ ನೆಂಟರು ಎಲ್ಲಿಯವರು?

“ಇವರು ನಮ್ಮ ಸೇಟು,” ಎಂದ ಸಾಯಬಣ್ಣ, ಹಿಂದಿಯಲ್ಲಿ, ಗಟ್ಟಿಯಾಗಿ. “ಮುಂಬೈಯವರಲ್ಲ. ಕಾರ್ಕಳದವರು.”

ಶೆಟ್ಟರಿಗೆ ಚಹಾ ನೆತ್ತಿಗೇರಿತು. “ಎಂತ ಕಾರ್ಕಳ? ನಾನು ಹುಟ್ಟಿದ್ದು ಮಾಟುಂಗದಲ್ಲಿ! ಶಾಲೆಗೆ ಹೋದದ್ದು ಮಾಟುಂಗದಲ್ಲಿ! ಕಾರ್ಕಳದಲ್ಲಿ ನಾಲ್ಕು ದಿನ ಇದ್ರೆ ನನಗೆ ಹೊಟ್ಟೆ ಕೆಡ್ತದೆ. ನಾನು ಇಲ್ಲಿಯವನೇ!”

ಹೊಲಿಗೆ ಯಂತ್ರಗಳು ಮೂರೂ ನಿಂತವು.

“ಹೌದೇನ್ರಿ?” ಎಂದ ಸಾಯಬಣ್ಣ ಮೆಲ್ಲಗೆ. “ಹಂಗಾರ ನಿಮಗೂ ಊರಿಲ್ಲ. ಮತ್ತ ವರ್ಷಾ ವರ್ಷಾ ವಿಮಾನದಾಗ ಊರಿಗಂತ ಹನ್ನೆರಡು ದಿನ ಎಲ್ಲಿಗೆ ಹೋಗ್ತೀರಿ? ಕೊರಗಪ್ಪಣ್ಣಗ ಹೇಳ್ತೀನಿ, ಬರೂ ವರ್ಷದಿಂದ ನಿಮ್ಮ ರಜಾನೂ ಕಟ್.”

ಶೆಟ್ಟರು ಚಹಾ ಮುಗಿಸಿದರು. ಕೊನೆಗೆ, “ಆಯ್ತು ಮಾರಾಯ. ಇನ್ನು ಪ್ರತಿ ವರ್ಷ ನಿನಗೂ ಒಂದು ತಿಂಗಳು. ಊರು ಧಾರಾವಿ. ನಾನೇ ಬರೆಸ್ತೇನೆ. ಈಗ ನಡಿ” ಎಂದರು.

“ಹಿಂದಿನದು?”

“ಯಾವುದು ಹಿಂದಿನದು?”

“ಇಪ್ಪತ್ತಮೂರು ತಿಂಗಳು. ನನ್ನ ಮಗಳು ಕೂಸಿದ್ದಾಗ ಅಕೀನ ಹಗಲಾಗ ನೋಡಿದ್ದೇ ಇಲ್ಲ ನಾ. ಅದನ್ನ ಯಾವ ಪುಸ್ತಕದಾಗ ಬರಸ್ತೀರಿ?”

ಶೆಟ್ಟರು ಖಾಲಿ ಲೋಟ ಕೆಳಗಿಟ್ಟು ಕುರ್ಚಿಯಿಂದ ಎದ್ದರು. ಸಾಯಬಣ್ಣ ಅವರನ್ನು ದೊಡ್ಡ ರಸ್ತೆಯವರೆಗೆ ಕಳಿಸಿಕೊಟ್ಟು ಬಂದ.

“ಸೇಟು ತಾನಾಗಿ ಕರಿಯಾಕ ಬಂದಾನ. ಈಗರೆ ಹೋಗ್ರಿ,” ಎಂದಳು ದಾನವ್ವ. “ಕಾಲಾಗ ಕೈಯಾಗ ಸಿಗ್ತೀರಿ ನೀವು.”

ಹೋಗಬೇಕೆಂದು ಅವನ ಹತ್ತೂ ಬೆರಳು ಕೂಗುತ್ತಿದ್ದವು. ಆದರೂ ಅವನು ಕಟ್ಟೆ ಬಿಡಲಿಲ್ಲ. ಉಳಿದ ಇಪ್ಪತ್ತೈದು ದಿನ, ಬಿಸಿಲಿಗೆ ಬೆಂದು, ನೊಣ ಹೊಡೆದು, ಬ್ಯಾಗಿನ ಪಟ್ಟಿ ಕತ್ತರಿಸಿಕೊಟ್ಟು ಹೆಂಡತಿಯಿಂದ ಬೈಸಿಕೊಂಡು, ಒಂದು ದಿನವನ್ನೂ ಬಿಡದೆ ಹಲ್ಲು ಕಚ್ಚಿ ರಜೆ ಅನುಭವಿಸಿದ.

ಜೂನ್ ಒಂದಕ್ಕೆ ಹೋಟೆಲಿನ ಮೆಟ್ಟಿಲು ಹತ್ತಿದಾಗ ಕೊರಗಪ್ಪ, ಊರಿಂದ ಬಂದ ಪ್ರತಿಯೊಬ್ಬರನ್ನೂ ಕೇಳುವಂತೆ, ಕನ್ನಡಕದ ಮೇಲಿಂದ ನೋಡಿ ಕೇಳಿದ: “ಊರಲ್ಲಿ ಮಳೆ ಶುರುವಾಯ್ತಾ?”

ಸಾಯಬಣ್ಣ ಟವೆಲು ಹೆಗಲಿಗೆ ಹಾಕಿಕೊಂಡ. “ಇನ್ನೂ ಇಲ್ರಿ,” ಎಂದ ಗಂಭೀರವಾಗಿ. “ಊರಾಗ ಬಾಳ ಸೆಕಿ.”