ಅರ್ಧ ಮಾತ್ರೆ

ಬನಶಂಕರಿಯಿಂದ ಜೆ.ಪಿ. ನಗರಕ್ಕೆ ಹೋಗುವ ಬಸ್ಸಿನಲ್ಲಿ ನಾನು ದಿನಾ ಮೂರು ವಾಕ್ಯ ಬಾಯಿಪಾಠ ಮಾಡುತ್ತಿದ್ದೆ: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡ್ಡಿಯಾಗಿದೆ. ನಮ್ಮ ಆಫೀಸು ‘ಅಜೈಲ್’ ಎಂಬ ಹೊಸ ಪದ್ಧತಿಗೆ ಬದಲಾದಮೇಲೆ ಬೆಳಿಗ್ಗೆ ಹತ್ತಕ್ಕೆ ಬೋರ್ಡಿನ ಮುಂದೆ ಎಲ್ಲರೂ ನಿಂತುಕೊಂಡೇ ಇದನ್ನು ಒಪ್ಪಿಸಬೇಕಿತ್ತು. ನಾನೋ ನಲವತ್ತೆಂಟರವನು. ದಪ್ಪ ದಪ್ಪ ದಾಖಲೆ ಬರೆದು, ಸಹಿ ಹಾಕಿಸಿಕೊಂಡು, ವರ್ಷದ ಕೊನೆಗೆ ಸಾಫ್ಟ್‌ವೇರ್ ಕೊಟ್ಟು ಕೈತೊಳೆದುಕೊಂಡು ಬಂದವನು. ಈಗ ಎರಡೆರಡು ವಾರಕ್ಕೆ ಒಂದಿಷ್ಟು ಮುಗಿಸಿ, ಬಳಸುವವರ ಮುಂದಿಡಬೇಕು. ನನಗೆ ಕೆಲಸ ಬರುವುದಿಲ್ಲ ಅಂತ ಇವರಿಗೆ ಗೊತ್ತಾದರೆ ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆ. ಹಾಗಾಗಿ ನನ್ನ ಮೂರನೇ ವಾಕ್ಯ ಯಾವಾಗಲೂ ಒಂದೇ: ‘ಅಡ್ಡಿ ಏನೂ ಇಲ್ಲ.’

ಒಂದು ನರ್ಸಿಂಗ್ ಹೋಮಿಗೆ ರೋಗಿಗಳ ಮಾತ್ರೆ ಪಟ್ಟಿಯ ಸಾಫ್ಟ್‌ವೇರ್ ಮಾಡುತ್ತಿದ್ದೆವು. ನನ್ನ ಪಾಲಿನದರಲ್ಲಿ ‘ಅರ್ಧ’ ಎಂದು ಹಾಕಿದರೆ ‘ಒಂದು’ ಎಂದು ಬರುತ್ತಿತ್ತು. ನಾಲ್ಕು ದಿನ ಒದ್ದಾಡಿದೆ. ನಾಲ್ಕು ದಿನವೂ ಅಡ್ಡಿ ಏನೂ ಇಲ್ಲ ಎಂದೆ. ಐದನೇ ದಿನ ಬೋರ್ಡಿನ ಮೇಲಿದ್ದ ನನ್ನ ಕೆಲಸದ ಹಳದಿ ಚೀಟಿಯನ್ನು ಕಿತ್ತು ‘ಮುಗಿದಿದೆ’ ಸಾಲಿಗೆ ಅಂಟಿಸಿಬಿಟ್ಟೆ. ತೋರಿಸುವ ದಿನ ಅರ್ಧ ಮಾತ್ರೆಯನ್ನು ಯಾರು ನೋಡುತ್ತಾರೆ, ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ.

ಆ ದಿನ ಅಲ್ಲಿಯ ನರ್ಸ್ ಒಬ್ಬರು ಬಂದರು. ಕೂತವರೇ ಮೊದಲು ಹಾಕಿದ್ದು ಅರ್ಧ.

“ಸಾರ್, ಇದು ಬಿ.ಪಿ. ಮಾತ್ರೆ,” ಎಂದರು ಪರದೆ ನೋಡಿ. “ಒಂದು ಕೊಟ್ರೆ ನಮ್ ವಾರ್ಡಿನ ಅಜ್ಜಿ ತಲೆ ಸುತ್ತಿ ಬಿದ್ದೋಗ್ತಾರೆ.”

ನಮ್ಮ ತಂಡದ ಮುಖ್ಯಸ್ಥೆ ನನ್ನ ಮಗಳ ವಯಸ್ಸಿನವಳು. ನರ್ಸ್ ಹೋದಮೇಲೆ ಕೇಳಿದಳು: “ನಿಮಗೆ ಇದು ಮೊದ್ಲೇ ಗೊತ್ತಿತ್ತಾ ಸಾರ್?”

ಒಪ್ಪಿಕೊಂಡೆ: “ಗೊತ್ತಿತ್ತಮ್ಮ. ಕೇಳೋಕೆ ಹೆದರ್ಕೊಂಡೆ.”

ಅವಳು ಚೀಟಿಯನ್ನು ಹಿಂದಿನ ಸಾಲಿಗೆ ಅಂಟಿಸಿದಳು. “ಇನ್ನೂ ವಾರ್ಡಿಗೆ ಹೋಗಿಲ್ವಲ್ಲ. ಅದಕ್ಕೇ ತಾನೇ ಎರಡು ವಾರಕ್ಕೊಂದ್ಸಲ ತೋರ್ಸೋದು? ಬನ್ನಿ, ಇಬ್ರೂ ಕೂತ್ಕೊಳ್ಳೋಣ.” ಅರ್ಧ ಗಂಟೆಯಲ್ಲಿ ಸರಿಹೋಯಿತು.

ಕೆಲಸ ಉಳಿಯಿತು. ಆದರೂ ಸಂಜೆ ಬಸ್ಸಿನಲ್ಲಿ ಕೂತಾಗ ಬೆಳಗಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಇಲ್ಲಿಗೆ ಬರುವ ಮೊದಲಿದ್ದ ಆಫೀಸಿನಲ್ಲೂ ಒಂದು ಆಸ್ಪತ್ರೆಗೆ ಮಾತ್ರೆ ಪಟ್ಟಿ ಮಾಡಿಕೊಟ್ಟಿದ್ದೆ. ಅಲ್ಲಿಯೂ ‘ಯಾರು ನೋಡುತ್ತಾರೆ’ ಎಂದು ಗೊತ್ತಿದ್ದೂ ಸರಿಮಾಡದೆ ಬಿಟ್ಟ ತಪ್ಪೊಂದಿತ್ತು. ಅಲ್ಲಿ ಯಾವ ನರ್ಸನ್ನೂ ನಾವು ಕರೆಸಿರಲಿಲ್ಲ, ಸಹಿ ಮಾತ್ರ ಹಾಕಿಸಿಕೊಂಡಿದ್ದೆವು. ಅದು ಅಲ್ಲಿ ಇವತ್ತಿಗೂ ಓಡುತ್ತಿದೆ.